ಲಕ್ಷದ್ವೀಪಕ್ಕೆ ಹೊರಡುವವರಿಗೆ: ಪರ್ಮಿಟ್, ಹಡಗು, ಊರು, ನೀರು

ಮಳೆಗಾಲ ಕಳೆದ ಮೇಲೆ ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ ಒಂದು ಗಂಟೆ ನಿಂತು ನೋಡಿ. ನೀರುಳ್ಳಿ ಚೀಲ, ಬಟಾಟೆ, ಸಿಮೆಂಟು, ಜಲ್ಲಿ, ಕಟ್ಟಿ ಹಾಕಿದ ಆಡು, ಯಾರದೋ ಹೊಸ ಮನೆಯ ಬಾಗಿಲು, ಎಲ್ಲವೂ ಸಾಲಾಗಿ ಮಂಜಿಯ, ಎಂದರೆ ಸರಕು ಸಾಗಿಸುವ ಹಡಗಿನ ಹೊಟ್ಟೆಗೆ ಇಳಿಯುತ್ತಿರುತ್ತವೆ. ಅವೆಲ್ಲ ಹೋಗುವುದು ಲಕ್ಷದ್ವೀಪಕ್ಕೆ. ಅಲ್ಲಿನ ಒಂದು ಮನೆಯ ಅಡುಗೆ, ಒಂದು ಮನೆಯ ಗೋಡೆ ಈ ದಕ್ಕೆಯಿಂದಲೇ ಹೊರಡುತ್ತದೆ.

ನಮ್ಮ ಮನೆ ಬಂದರಿನಿಂದ ಹತ್ತು ನಿಮಿಷದ ದಾರಿ. ದ್ವೀಪದವರ ಸ್ನೇಹ ಆದದ್ದೂ ಇದೇ ದಕ್ಕೆಯಲ್ಲಿ. ಮೂರು ಸಲ ಹೋಗಿ ಬಂದಿದ್ದೇನೆ, ಬಂದಾಗಲೆಲ್ಲ ಬಂಧುಗಳದ್ದೂ ಸ್ನೇಹಿತರದ್ದೂ ಅದೇ ಪ್ರಶ್ನೆ: ಹೇಗೆ ಹೋಗುವುದು, ಪರ್ಮಿಟ್ ಸಿಗ್ತದಾ, ಎಷ್ಟು ದಿನ ಬೇಕು? ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಹೊರಡುವ ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಲಕ್ಷದ್ವೀಪದಲ್ಲಿ 36 ದ್ವೀಪಗಳಿವೆ, ಊರಿರುವುದು 10ರಲ್ಲಿ ಮಾತ್ರ. ಎಲ್ಲ ಸೇರಿಸಿದರೂ ನೆಲ ಸುಮಾರು 32 ಚದರ ಕಿ.ಮೀ. 2011ರ ಜನಗಣತಿಯಂತೆ ಜನಸಂಖ್ಯೆ 64,473. ಕೇರಳದ ದಡದಿಂದ 220ರಿಂದ 440 ಕಿ.ಮೀ. ದೂರ. ಗುಡ್ಡವಿಲ್ಲ, ಹೊಳೆಯಿಲ್ಲ. ಹಡಗೇ ಅವರ ಬಸ್ಸು, ಹಡಗೇ ದಿನಸಿ ಗಾಡಿ. ಕಾಲೇಜಿಗೆ ಹೋಗುವ ಹುಡುಗಿ, ಕೊಚ್ಚಿಯ ಆಸ್ಪತ್ರೆಗೆ ಹೊರಟ ಅಜ್ಜ, ಮದುವೆಗೆ ಬರುವ ಅಳಿಯ, ಎಲ್ಲರಿಗೂ ಬೇಕಾದದ್ದು ನೀವು ಕಾಯ್ದಿರಿಸುವ ಅದೇ ಬರ್ತು. ಅದಕ್ಕಾಗಿ ಈ ಪ್ರವಾಸವನ್ನು ಅಂಥ ಮನೆಗೆ ಅತಿಥಿಯಾಗಿ ಹೋಗುವವರ ಹಾಗೆ ಸಿದ್ಧಮಾಡಬೇಕು.

ಹಳೆಯ ನಂಟು

ಕನ್ನಡ ಕರಾವಳಿಯವರಿಗೆ ಇದು ಪರ ಊರಲ್ಲ. ಉತ್ತರದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳಿಗೆ ಒಟ್ಟಾಗಿ ಅಮಿನ್‌ದೀವಿ ಎಂದು ಹೆಸರು. ಇವು ಟಿಪ್ಪು ಸುಲ್ತಾನನ ಕೈಯಲ್ಲಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರಿಗೆ ಹೋಗಿ, ಕೊನೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾದವು. ದ್ವೀಪದವರು ಹೊಸೆದ ತೆಂಗಿನ ನಾರಿನ ಹುರಿಯನ್ನು ಸರಕಾರವೇ ಕೊಳ್ಳುತ್ತಿತ್ತು, ಬದಲಿಗೆ ಅಕ್ಕಿ ಕೊಡುತ್ತಿತ್ತು. 1956ರ ನವೆಂಬರ್ 1ರಂದು ಇವೂ ಉಳಿದ ದ್ವೀಪಗಳೂ ಸೇರಿ ಕೇಂದ್ರಾಡಳಿತ ಪ್ರದೇಶವಾಯಿತು. ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ. ಜೀಗುಜ್ಜೆಗೆ ಕನ್ನಡದಲ್ಲಿ ದೀವಿ ಹಲಸು ಅನ್ನುತ್ತೇವಲ್ಲ, ಆ ದೀವಿ ಎಂದರೆ ದ್ವೀಪವೇ. ಅಲ್ಲಿನ ಮನೆಗಳ ಹಿತ್ತಲಲ್ಲಿ ಆ ಮರ ಕಂಡಾಗ ನನಗೆ ಮಾತೇ ಹೊರಡಲಿಲ್ಲ.

ಮೊದಲ ಹೆಜ್ಜೆ: ತಿಂಗಳು ಗೊತ್ತುಮಾಡಿ

ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಸರಿಯಾದ ಕಾಲ. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮುಂಗಾರಿನ ಕಡಲು. ಆಗ ಮಂಜಿಗಳು ದಕ್ಕೆಯಲ್ಲೇ ಕಟ್ಟಿರುತ್ತವೆ, ಪ್ರಯಾಣಿಕ ಹಡಗುಗಳ ಓಡಾಟವೂ ಇಳಿಯುತ್ತದೆ. ಆ ನಾಲ್ಕು ತಿಂಗಳು ಹೋಗಲೇಬೇಡಿ. ಇದ್ದ ಕೆಲವೇ ಸೀಟು ಊರವರಿಗೇ ಸಾಲುವುದಿಲ್ಲ.

ರಂಜಾನ್ ತಿಂಗಳೂ ನೋಡಿಕೊಳ್ಳಿ. ದ್ವೀಪದವರು ಹೆಚ್ಚುಕಡಿಮೆ ಎಲ್ಲರೂ ಮುಸಲ್ಮಾನರು, ಆ ತಿಂಗಳ ಹಗಲಿನಲ್ಲಿ ಊಟದಂಗಡಿ ಸಿಗುವುದು ಕಷ್ಟ. ಪೆರ್ನಾಳ್, ಎಂದರೆ ಹಬ್ಬದ ಆಚೀಚೆ ಊರಿಗೆ ಮರಳುವವರಿಂದ ಹಡಗು ತುಂಬಿರುತ್ತದೆ.

ಎರಡನೆಯದು: ದ್ವೀಪದ ಸುದ್ದಿ ಹಿಂಬಾಲಿಸಿ

ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ತೊಂದರೆ ಶುರುವಾಗುವುದೂ ಇಲ್ಲಿಂದಲೇ. ಹೊರಡುವ ಎರಡು ತಿಂಗಳ ಮೊದಲಿನಿಂದ ವಾರಕ್ಕೊಮ್ಮೆಯಾದರೂ ಅಲ್ಲಿನ ಸುದ್ದಿ ನೋಡಬೇಕು.

ಮುಖ್ಯವಾದದ್ದು ಹಡಗಿನ ಪಟ್ಟಿ. ಯಾವ ಹಡಗು ಯಾವ ದಿನ ಯಾವ ದ್ವೀಪಗಳನ್ನು ಮುಟ್ಟುತ್ತದೆ ಎಂಬುದನ್ನು ಲಕ್ಷದ್ವೀಪ ಆಡಳಿತದ ಬಂದರು ಇಲಾಖೆ ಪ್ರಕಟಿಸುತ್ತದೆ. ದ್ವೀಪದಲ್ಲಿ ಇಬ್ಬರು ಭೇಟಿಯಾದರೆ ಮೊದಲು ಬರುವ ಮಾತು ಹವೆಯದ್ದಲ್ಲ, ಹಡಗಿನದ್ದು. ಒಂದು ಹಡಗು ದುರಸ್ತಿಗೆ ಹೋದರೆ ಇಡೀ ತಿಂಗಳ ಪಟ್ಟಿ ತಲೆಕೆಳಗಾಗುತ್ತದೆ. ಪಟ್ಟಿಯಲ್ಲಿ ಹೋಗುವ ದಿನ ಮಾತ್ರ ನೋಡಬೇಡಿ. ಅದೇ ದ್ವೀಪದಿಂದ ಮರಳುವ ಹಡಗು ಯಾವಾಗ, ಅದು ತಪ್ಪಿದರೆ ಮುಂದಿನದು ಯಾವಾಗ, ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ಮೊದಲ ಸಲ ನಾನು ಹಾಗೆ ಮಾಡಲಿಲ್ಲ. ಮರಳುವ ಹಡಗು ಮುಂದಕ್ಕೆ ಹೋಗಿ ಮೂರು ದಿನ ಹೆಚ್ಚು ಉಳಿಯಬೇಕಾಯಿತು. ಉಳಿಸಿಕೊಂಡ ಮನೆಯವರು ಮುಖ ಸಣ್ಣ ಮಾಡಲಿಲ್ಲ, ಆದರೆ ಅವರ ಅಕ್ಕಿಯೂ ಹಡಗಿನಲ್ಲೇ ಬರಬೇಕು ಎಂದು ನನಗೆ ಗೊತ್ತಿತ್ತು.

ಎರಡನೆಯದು ಕಡಲಿನ ಮುನ್ಸೂಚನೆ. ಹವಾಮಾನ ಇಲಾಖೆಯ ಚಂಡಮಾರುತ ಎಚ್ಚರಿಕೆಯನ್ನೂ ಹೈದರಾಬಾದಿನ ಕಡಲ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕೊಡುವ ಎತ್ತರದ ಅಲೆಯ ಸೂಚನೆಯನ್ನೂ ನೋಡಿ. 2017ರಲ್ಲಿ ಓಖಿ ಚಂಡಮಾರುತ ಬಂದದ್ದು ನವೆಂಬರ್ ಕೊನೆ, ಡಿಸೆಂಬರ್ ಮೊದಲಿಗೆ; ಒಳ್ಳೆಯ ಕಾಲ ಎನ್ನುವ ತಿಂಗಳಲ್ಲೇ ಕಲ್ಪೇನಿ, ಮಿನಿಕಾಯ್ ಪೆಟ್ಟು ತಿಂದವು. 2021ರ ಮೇಯಲ್ಲಿ ತೌಕ್ತೆ ಬಂತು.

ಮೂರನೆಯದು ಊರಿನ ಸುದ್ದಿ. ಮಲಯಾಳಂ ಪತ್ರಿಕೆಗಳಲ್ಲಿ, ಆಕಾಶವಾಣಿ ಕವರತ್ತಿಯಲ್ಲಿ ಸಿಗುತ್ತದೆ. 2021ರಲ್ಲಿ ಭೂಮಿ ಮತ್ತು ಆಡಳಿತದ ಹೊಸ ಕರಡು ನಿಯಮಗಳ ವಿರುದ್ಧ ದ್ವೀಪದವರು ಮನೆಮನೆಯಲ್ಲಿ ಉಪವಾಸ ಕೂತಿದ್ದರು. 2025ರ ಜುಲೈಯಲ್ಲಿ ಜನವಸತಿಯ ದ್ವೀಪಗಳಲ್ಲೇ ಚಿಕ್ಕದಾದ ಬಿತ್ರಾವನ್ನು ರಕ್ಷಣಾ ಉದ್ದೇಶಕ್ಕೆ ಪಡೆಯುವ ಪ್ರಸ್ತಾವ ಬಂದಾಗ ಅಲ್ಲಿನವರು ವಿರೋಧಿಸಿದರು. ಇವನ್ನು ತಿಳಿದು ಹೋದರೆ ಚಹಾ ಕುಡಿಯುತ್ತಾ ಅವರು ಹೇಳುವ ಮಾತು ನಿಮಗೆ ಅರ್ಥವಾಗುತ್ತದೆ.

ಮೂರನೆಯದು: ಯಾವ ದ್ವೀಪ?

ಐದು ದಿನದಲ್ಲಿ ಎಲ್ಲ ನೋಡುತ್ತೇನೆ ಎಂದು ಹೊರಡಬೇಡಿ. ಒಂದು ದ್ವೀಪ, ಹೆಚ್ಚೆಂದರೆ ಎರಡು.

ಕವರತ್ತಿ ರಾಜಧಾನಿ. ಆಸ್ಪತ್ರೆ, ಕಚೇರಿ, ಬ್ಯಾಂಕು ಎಲ್ಲ ಇರುವುದರಿಂದ ಮಕ್ಕಳು, ಹಿರಿಯರ ಜೊತೆ ಮೊದಲ ಸಲ ಹೋಗುವವರಿಗೆ ಇದೇ ಅನುಕೂಲ. ಉಜ್ರ ಪಳ್ಳಿಯ, ಎಂದರೆ ಮಸೀದಿಯ ಮರದ ಕೆತ್ತನೆಯ ಚಾವಣಿಯನ್ನು ತಲೆಯೆತ್ತಿ ನೋಡಬೇಕು. ಅಗತ್ತಿಯಲ್ಲಿ ವಿಮಾನ ಇಳಿಯುತ್ತದೆ. ಕಡಮತ್ ಉದ್ದಕ್ಕೆ ಸುಮಾರು 9 ಕಿ.ಮೀ., ಅಗಲ ಏನೂ ಇಲ್ಲ. ಮುಳುಗು ಈಜು ಕಲಿಯುವವರಿಗೂ ಸುಮ್ಮನೆ ನಡೆಯುವವರಿಗೂ ನಾನು ಹೇಳುವುದು ಇದನ್ನೇ.

ಮಿನಿಕಾಯ್ ಬೇರೆಯೇ ಲೋಕ. ಊರವರ ಬಾಯಲ್ಲಿ ಅದು ಮಲಿಕು. ಭಾಷೆ ಮಹಲ್, ಮಾಲ್ಡೀವ್ಸಿನ ದಿವೇಹಿಯ ಬಳಗದ್ದು. ಉಳಿದ ದ್ವೀಪಗಳ ಜೆಸರಿ ಮಲಯಾಳಂಗೆ ಹತ್ತಿರದ್ದು. ಪ್ರತಿ ಹಳ್ಳಿಗೆ ಬೋಡುಕಾಕ ಎಂಬ ಹಿರಿಯ, ಹೆಂಗಸರ ಕಡೆಯಿಂದ ಬೋಡುದಾತ. ಸೂರೆ (ಟ್ಯೂನಾ) ಮೀನನ್ನು ಬಲೆಯಲ್ಲಿ ಹಿಡಿಯುವುದಿಲ್ಲ. ಸಣ್ಣ ಜೀವಂತ ಮೀನನ್ನು ಕಡಲಿಗೆ ಎರಚಿ, ಸೂರೆ ಗುಂಪು ಮೇಲೆ ಬಂದಾಗ ಕೋಲು ಗಾಳದಿಂದ ಒಂದೊಂದನ್ನೇ ಎಳೆದು ಹಿಂದಕ್ಕೆ ಎಸೆಯುತ್ತಾರೆ. 1885ರ ದೀಪಸ್ತಂಭ ಹತ್ತಲು ಬಿಟ್ಟರೆ ತಪ್ಪಿಸಿಕೊಳ್ಳಬೇಡಿ.

ನಾಲ್ಕನೆಯದು: ಪರ್ಮಿಟ್

ಭಾರತೀಯರಿಗೂ ಪರ್ಮಿಟ್ ಬೇಕು. ದ್ವೀಪದವರಲ್ಲಿ ಶೇ. 95ರಷ್ಟು ಮಂದಿ ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಅವರ ನೆಲ, ಬದುಕು ಉಳಿಯಲೆಂದೇ 1967ರ ಪ್ರವೇಶ ಮತ್ತು ವಾಸ ನಿರ್ಬಂಧ ನಿಯಮಗಳು ಬಂದವು. ಪರ್ಮಿಟ್ ಕಿರಿಕಿರಿ ಎಂದು ಗೊಣಗುವವರಿಗೆ ನಾನು ಹೇಳುವುದಿಷ್ಟು: ಆ ಕಾಗದ ಇಲ್ಲದಿದ್ದರೆ ಆ 32 ಚದರ ಕಿ.ಮೀ. ಯಾವತ್ತೋ ರಿಸಾರ್ಟುಗಳ ಪಾಲಾಗುತ್ತಿತ್ತು.

ದಾರಿ ಎರಡು. ಒಂದು, ಆಡಳಿತದ ಪ್ರವಾಸೋದ್ಯಮ ಸಂಸ್ಥೆ ಸ್ಪೋರ್ಟ್ಸ್ ಅಥವಾ ಮಾನ್ಯತೆ ಪಡೆದ ಏಜೆಂಟರ ಪ್ಯಾಕೇಜು. ದಾಖಲೆ ಕೊಟ್ಟರೆ ಪರ್ಮಿಟ್ ಕೆಲಸ ಅವರೇ ಮಾಡಿಸುತ್ತಾರೆ. ಸ್ಪೋರ್ಟ್ಸ್‌ನ ಸಮುದ್ರಂ ಎಂಬ ಐದು ದಿನದ ಪ್ಯಾಕೇಜಿನಲ್ಲಿ ರಾತ್ರಿ ಎಂವಿ ಕವರತ್ತಿ ಹಡಗಿನಲ್ಲೇ ನಿದ್ದೆ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್‌ಗಳಲ್ಲಿ ಸುತ್ತಾಟ. ಸಮಯ ಕಡಿಮೆ ಇರುವವರಿಗೆ ಅದು ಸರಿ.

ಇನ್ನೊಂದು, ದ್ವೀಪದ ನಿವಾಸಿಯೊಬ್ಬರು ನಿಮ್ಮ ಹೊಣೆ ಹೊತ್ತು ಕರೆಸಿಕೊಳ್ಳುವುದು. ಇದಕ್ಕೆ ಪರಿಚಯ ಬೇಕು, ನಂಬಿಕೆ ಬೇಕು. ಅವರು ಅಲ್ಲಿಂದ ಘೋಷಣೆ ಕೊಡಬೇಕು. ನೀವು ಆಡಳಿತದ ಇ-ಪರ್ಮಿಟ್ ಜಾಲತಾಣದಲ್ಲಿ ಅರ್ಜಿ ತುಂಬಿ ಫೋಟೊ, ಗುರುತಿನ ಚೀಟಿ, ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಹಾಕಬೇಕು. ಈ ಸರ್ಟಿಫಿಕೇಟಿಗೆ ಕರ್ನಾಟಕದವರು ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ಠಾಣೆಯಿಂದ ಪರಿಶೀಲನೆ ಆಗಿ ಬರಲು ಸಮಯ ಹಿಡಿಯುತ್ತದೆ, ಆದ್ದರಿಂದ ಮೊದಲು ಹಾಕಬೇಕಾದ ಅರ್ಜಿ ಇದೇ. ಆಧಾರ್‌ನಲ್ಲಿ, ಅರ್ಜಿಯಲ್ಲಿ, ಹಡಗಿನ ಟಿಕೆಟಿನಲ್ಲಿ ಹೆಸರಿನ ಅಕ್ಷರ ಒಂದೇ ಇರಲಿ. ಇನಿಷಿಯಲ್ ಮುಂದೋ ಹಿಂದೋ ಎಂಬಷ್ಟಕ್ಕೇ ಅರ್ಜಿ ವಾಪಸು ಬಂದದ್ದುಂಟು. ಪರ್ಮಿಟ್ಟನ್ನು ಮೂರು ಪ್ರತಿ ತೆಗೆದಿಡಿ. ದ್ವೀಪ ಮುಟ್ಟಿದ ಮೇಲೆ ಪೊಲೀಸ್ ಠಾಣೆಯಲ್ಲಿ ತೋರಿಸಿ ದಾಖಲಿಸಬೇಕು.

ವಿದೇಶಿ ಪಾಸ್‌ಪೋರ್ಟ್ ಇರುವ ಮಗ, ಸೊಸೆ ಜೊತೆಗಿದ್ದರೆ ನಿಯಮ ಬೇರೆ, ಅವರಿಗೆ ತೆರೆದಿರುವ ದ್ವೀಪಗಳೂ ಕೆಲವೇ. ಟಿಕೆಟಿಗೆ ಮೊದಲು ವಿಚಾರಿಸಿ.

ಐದನೆಯದು: ಹಡಗೋ ವಿಮಾನವೋ

ವಿಮಾನ ಅಗತ್ತಿಗೆ ಮಾತ್ರ. ಓಡುದಾರಿ ಸುಮಾರು 1,200 ಮೀಟರ್, ಆದ್ದರಿಂದ ಬರುವುದು ಸಣ್ಣ ಎಟಿಆರ್ ವಿಮಾನ. ಕೊಚ್ಚಿಯಿಂದ ಒಂದೂವರೆ ಗಂಟೆಯ ಹಾದಿ. 2024ರ ಮಾರ್ಚ್ ಕೊನೆಗೆ ಬೆಂಗಳೂರಿನಿಂದಲೂ ನೇರ ವಿಮಾನ ಶುರುವಾಯಿತು. ಇಂಥ ಸಣ್ಣ ಮಾರ್ಗದ ವೇಳೆ ಆಗಾಗ ಬದಲಾಗುವುದರಿಂದ ಟಿಕೆಟ್ ತೆಗೆಯುವ ದಿನವೇ ನೋಡಬೇಕು. ಅಗತ್ತಿಯಿಂದ ಬೇರೆ ದ್ವೀಪಕ್ಕೆ ಮತ್ತೆ ಹಡಗು, ದೋಣಿಯೇ ಗತಿ.

ಹಡಗು ಹೊರಡುವುದು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಿಂದ. ದ್ವೀಪಕ್ಕೆ ತಕ್ಕಂತೆ 14ರಿಂದ 20 ಗಂಟೆ. ಮಂಗಳೂರಿನವರು ರೈಲಿನಲ್ಲಿ ಎರ್ನಾಕುಲಂಗೆ ಹೋಗಿ ಅಲ್ಲಿಂದ ಟ್ಯಾಕ್ಸಿ ಹಿಡಿಯಬಹುದು. ಬೆಂಗಳೂರಿನವರಿಗೆ ಐಲ್ಯಾಂಡ್ ಎಕ್ಸ್‌ಪ್ರೆಸ್ ಉಂಟು. ಅದಕ್ಕೆ ಆ ಹೆಸರು ಬಂದದ್ದೇ ಹಿಂದೆ ಅದು ಈ ವಿಲ್ಲಿಂಗ್ಡನ್ ಐಲ್ಯಾಂಡಿನ ಹಾರ್ಬರ್ ಟರ್ಮಿನಸ್‌ವರೆಗೆ ಹೋಗುತ್ತಿದ್ದುದರಿಂದ. ಹಡಗಿನ ಹಿಂದಿನ ದಿನವೇ ಕೊಚ್ಚಿ ಸೇರಿ. ರೈಲು ತಡವಾಯಿತೆಂದು ಹಡಗು ಕಾಯುವುದಿಲ್ಲ.

ಮಂಗಳೂರಿನಿಂದಲೇ ಹೋಗಬಾರದೇ ಎಂದು ನಮ್ಮವರು ಕೇಳುತ್ತಲೇ ಇರುತ್ತಾರೆ. 2024ರ ಮೇಯಲ್ಲಿ ಪರಳಿ ಎಂಬ ವೇಗದ ಹಡಗು ಲಕ್ಷದ್ವೀಪದಿಂದ ಪ್ರಯಾಣಿಕರನ್ನು ಹೊತ್ತು ನಮ್ಮ ಹಳೆ ಬಂದರಿಗೆ ಬಂದಾಗ ದಕ್ಕೆಯಲ್ಲಿ ಹಬ್ಬದ ಸಂಭ್ರಮ. ಮತ್ತೆ ಬಂದೀತೆಂಬ ಆಸೆ ನನಗೂ ಉಂಟು, ಆದರೆ ನಿಮ್ಮ ಯೋಜನೆ ಕೊಚ್ಚಿಯ ಮೇಲೆಯೇ ಇರಲಿ. ಸರಕು ಮಂಜಿಯಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಟಿಕೆಟಿನಲ್ಲಿ ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್, ಬಂಕ್ ಎಂದು ಇರುತ್ತದೆ. ನಾಲ್ಕು ಜನದ ಕೋಣೆಯ ಸೆಕೆಂಡ್ ಕ್ಲಾಸ್ ಕುಟುಂಬಕ್ಕೆ ಸಾಕು. ವಾಂತಿಯ ಭಯ ಇರುವವರು ಮಾತ್ರೆಯನ್ನು ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಬೇಕು, ತಲೆ ಸುತ್ತಿದ ಮೇಲೆ ನುಂಗಿ ಪ್ರಯೋಜನವಿಲ್ಲ. ಖಾಲಿ ಹೊಟ್ಟೆ ಬೇಡ, ಹೊಟ್ಟೆ ಬಿರಿಯ ಊಟವೂ ಬೇಡ. ಹಡಗಿನ ನಡುಭಾಗದಲ್ಲಿ ಕೂತರೆ ಓಲಾಟ ಕಡಿಮೆ.

ಇಳಿಯುವ ಐದು ನಿಮಿಷ

ಇದೊಂದನ್ನು ನಿಧಾನವಾಗಿ ಓದಿ. ಹಲವು ಕಡೆ ಹಡಗು ದಡಕ್ಕೆ ಹೋಗುವುದಿಲ್ಲ. ಹವಳದ ದಿಬ್ಬದ ಹೊರಗೆ ಆಳದಲ್ಲೇ ನಿಲ್ಲುತ್ತದೆ, ಊರಿನ ದೋಣಿ ಹತ್ತಿರ ಬರುತ್ತದೆ. ಹಡಗಿನ ಬದಿಯಲ್ಲಿ ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ ಒಂದು ಬಾಗಿಲು ತೆರೆಯುತ್ತದೆ. ದೋಣಿ ಅಲೆಯೊಂದಿಗೆ ಮೇಲೇರುತ್ತದೆ, ಒಂದಾಳಿನಷ್ಟು ಕೆಳಗಿಳಿಯುತ್ತದೆ, ಮತ್ತೆ ಏರುತ್ತದೆ. ಬಾಗಿಲಲ್ಲಿ ಇಬ್ಬರು, ದೋಣಿಯಲ್ಲಿ ಇಬ್ಬರು ನಿಂತಿರುತ್ತಾರೆ. ನಿಮ್ಮ ಕೈ ಖಾಲಿ ಇರಬೇಕು. ಚೀಲ, ಫೋನು, ಮಗು ಎಲ್ಲವನ್ನೂ ಅವರ ಕೈಗೆ ಮೊದಲು ಕೊಡಿ. ಅವರು ನಿಮ್ಮ ಬೆರಳು ಹಿಡಿಯುವುದಿಲ್ಲ, ಮಣಿಕಟ್ಟು ಹಿಡಿಯುತ್ತಾರೆ. ನೀವೂ ಅವರ ಮಣಿಕಟ್ಟನ್ನೇ ಹಿಡಿಯಿರಿ. ದೋಣಿ ಮೇಲೆ ಬಂದು ಒಂದು ಕ್ಷಣ ನಿಲ್ಲುತ್ತದೆ, ಆಗ ಅವರು ಕೂಗುತ್ತಾರೆ. ಕೂಗಿದಾಗ ಕಾಲಿಡಿ. ಅನುಮಾನವಾದರೆ ಆ ಅಲೆ ಬಿಟ್ಟು ಮುಂದಿನ ಅಲೆಗೆ ಕಾಯಿರಿ, ಯಾರೂ ಬೈಯುವುದಿಲ್ಲ. ಕಾಲಿಟ್ಟ ಮೇಲೆ ಮಾತ್ರ ಅರ್ಧದಲ್ಲಿ ನಿಲ್ಲಬಾರದು. ಎಪ್ಪತ್ತು ದಾಟಿದ ಉಮ್ಮಂದಿರು ಬಾಯಲ್ಲಿ ವೀಳ್ಯದೆಲೆ ಹಾಕಿಕೊಂಡೇ ಹೀಗೆ ಇಳಿಯುವುದನ್ನು ನೋಡಿದ್ದೇನೆ. ಮಂಡಿನೋವಿನ ಹಿರಿಯರಿಗೆ ಇದು ಕಷ್ಟ. ಅವರ ಜೊತೆ ವಿಮಾನದಲ್ಲೇ ಅಗತ್ತಿಗೆ ಹೋಗಿ.

ಊರೊಳಗೆ

ಮೈ ಮುಚ್ಚುವ ಬಟ್ಟೆ ಹಾಕಿ, ಈಜುಡುಗೆ ಕಡಲದಂಡೆಗೆ ಮಾತ್ರ. ಮದ್ಯ ನಿಷೇಧವಿದೆ, ಜನವಸತಿಯಿಲ್ಲದ ಬಂಗಾರಂನ ರಿಸಾರ್ಟು ಬಿಟ್ಟು ಎಲ್ಲೂ ಇಲ್ಲ. ಚೀಲದಲ್ಲಿ ತರುವ ಯೋಚನೆಯೂ ಬೇಡ. ಸಾಕುನಾಯಿ ತರುವಂತಿಲ್ಲ, ದ್ವೀಪಗಳಲ್ಲಿ ನಾಯಿಗಳೇ ಇಲ್ಲ. ಕವರತ್ತಿಯಲ್ಲೂ ಮಿನಿಕಾಯಲ್ಲೂ ನೌಕಾಪಡೆಯ ನೆಲೆಗಳಿವೆ. ಆ ಕಡೆ ಕ್ಯಾಮೆರಾ ತಿರುಗಿಸಬೇಡಿ. ಡ್ರೋನ್ ಮನೆಯಲ್ಲೇ ಇರಲಿ. ಹೆಂಗಸರ ಫೋಟೊ ಕೇಳದೆ ತೆಗೆಯಬಾರದು.

ಮನೆ ಹೆಣ್ಣಿನ ಕಡೆಯದ್ದು. ತಾಯಿಯ ಬಳಿಯಲ್ಲಿ (ವಂಶದಲ್ಲಿ) ಹರಿದುಬರುವ ಕೂಡು ಆಸ್ತಿಗೆ ವೆಳ್ಳಿಯಾಳ್ಚ, ಎಂದರೆ ಶುಕ್ರವಾರದ ಆಸ್ತಿ ಎಂದು ಹೆಸರು. ಸ್ವಂತ ಗಳಿಕೆ ತಿಂಗಳಾಳ್ಚ, ಸೋಮವಾರದ್ದು. ಅಳಿಯಕಟ್ಟಿನ ಮನೆಯಲ್ಲಿ ಬೆಳೆದ ತುಳುನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬ್ಯಾರಿ ಭಾಷೆ ಬಲ್ಲವರಿಗೆ ಜೆಸರಿ ಎರಡೇ ದಿನದಲ್ಲಿ ಕಿವಿಗೆ ಹೊಂದುತ್ತದೆ. ಗಂಡಸರನ್ನು ಕಾಕ, ಇಕ್ಕ ಎಂದು ಕರೆದರೆ ಮುಖ ಅರಳುತ್ತದೆ.

ನೀರಿನ ವಿಷಯದಲ್ಲಿ ದಯವಿಟ್ಟು ಜಾಗ್ರತೆ. ಹವಳದ ಮರಳಿನೊಳಗೆ ಇಳಿದ ಮಳೆನೀರು ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಾ ನಿಂತಿರುತ್ತದೆ. ಬಾವಿಯಿಂದ ಹೆಚ್ಚು ಎಳೆದರೆ ಉಪ್ಪು ಮೇಲೇರಿ ಆ ಬಾವಿಯೇ ಕೆಡುತ್ತದೆ. ಇದಕ್ಕೆಂದೇ 2005ರಲ್ಲಿ ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಮಾಡುವ ಘಟಕ ಬಂತು. ಮೇಲಿನ ಬೆಚ್ಚಗಿನ ಕಡಲನೀರನ್ನು ಒತ್ತಡ ಇಳಿಸಿ ಆವಿ ಮಾಡುತ್ತಾರೆ, ನೂರಾರು ಮೀಟರ್ ಆಳದಿಂದ ಎಳೆದ ತಣ್ಣೀರಿನಿಂದ ಆ ಆವಿಯನ್ನು ತಣಿಸುತ್ತಾರೆ. ಆಮೇಲೆ ಬೇರೆ ದ್ವೀಪಗಳಿಗೂ ಬಂದಿದೆ. ಬಕೆಟಿನಲ್ಲಿ ಸ್ನಾನ ಮಾಡಿ, ಕಡಲಲ್ಲಿ ಈಜಿ ಬಂದಾಗಲೆಲ್ಲ ತಲೆಗೆ ಸುರಿದುಕೊಳ್ಳಬೇಡಿ.

ನಗದು ಇಟ್ಟುಕೊಳ್ಳಿ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಅಲ್ಲಿನ ಮುಖ್ಯ ಬ್ಯಾಂಕಾಗಿತ್ತು, 2020ರಲ್ಲಿ ಕೆನರಾದೊಂದಿಗೆ ಸೇರಿತು. 2024ರ ಜನವರಿಯಲ್ಲಿ ಕೊಚ್ಚಿಯಿಂದ ಕಡಲಡಿಯ ಕೇಬಲ್ ಬಂದ ಮೇಲೆ ಇಂಟರ್ನೆಟ್ ಎಷ್ಟೋ ಸುಧಾರಿಸಿದೆ. ಸಿಮ್ ಬಿಎಸ್‌ಎನ್‌ಎಲ್ ಅಥವಾ ಏರ್‌ಟೆಲ್ ಇರಲಿ. ದಿನವೂ ಬೇಕಾದ ಔಷಧಿಯನ್ನು ಹತ್ತು ದಿನಕ್ಕೆ ಹೆಚ್ಚಾಗಿಯೇ ಒಯ್ಯಿರಿ.

ಸಸ್ಯಾಹಾರಿಗಳು ಉಳಿಯುವ ಮನೆಗೆ ಮೊದಲೇ ತಿಳಿಸಿ, ತರಕಾರಿ ತಾವೇ ಕೊಂಡೊಯ್ಯುವುದು ಉತ್ತಮ. ಉಡುಗೊರೆಗೂ ತರಕಾರಿಯಷ್ಟು ಬೆಲೆ ಮಿಠಾಯಿಗಿಲ್ಲ. ಎರಡನೆಯ ಸಲ ನಾನು ಆರು ಮಂಗಳೂರು ಸೌತೆ ಒಯ್ದಿದ್ದೆ. ಮನೆಯ ಹಿರಿಯ ಉಮ್ಮ ಒಂದೊಂದನ್ನೂ ಬೆರಳಿನಿಂದ ತಟ್ಟಿ ನೋಡಿ, ಒಣ ತೆಂಗಿನ ಗರಿಯಲ್ಲಿ ಹೆಣೆದು, ಅಡುಗೆಮನೆಯ ಜಂತಿಗೆ ಸಾಲಾಗಿ ತೂಗುಹಾಕಿದರು. ನನ್ನ ಅಜ್ಜಿಯ ಕೈಯೂ ಹಾಗೆಯೇ ಹೆಣೆಯುತ್ತಿತ್ತು. ಮಳೆಗಾಲಕ್ಕೆ ಇರಲಿ ಎಂದರು.

ಕಡಲಿಗಿಳಿಯುವಾಗ

ಹೆಚ್ಚಿನ ದ್ವೀಪಗಳಲ್ಲಿ ಪಡುಬದಿಗೆ ಹವಳದ ದಿಬ್ಬ ಕಾವಲಿರುವ ಶಾಂತ ಲಗೂನು, ಮೂಡುಬದಿಗೆ ತೆರೆದ ಕಡಲು. ಈಜು ಲಗೂನಿನಲ್ಲಿ ಮಾತ್ರ, ಊರವರು ತೋರಿಸಿದ ಜಾಗದಲ್ಲಿ ಮಾತ್ರ. ದಿಬ್ಬದ ಅಂಚಿನ ಕಡೆ ಹೋದರೆ ಇಳಿತದ ನೀರು ಹೊರಗೆ ಎಳೆಯುತ್ತದೆ. ರಬ್ಬರ್ ಅಡಿಯ ಶೂ ಹಾಕಿ.

ಹವಳದ ಮೇಲೆ ನಿಲ್ಲಬೇಡಿ, ಅದು ಕಲ್ಲಲ್ಲ, ಜೀವ. 1998, 2010, 2016ರಲ್ಲಿ ಕಡಲು ಬಿಸಿಯಾಗಿ ಇಲ್ಲಿನ ಹವಳ ಬೆಳ್ಳಗಾಗಿ ಸತ್ತಿತು, 2024ರಲ್ಲೂ ಪೆಟ್ಟು ಬಿತ್ತು. ಹವಳದ ಮರಳಿನಿಂದಲೇ ಆದ ನೆಲ ಅದು. ಹವಳ ಹೋದರೆ ಅಲೆಗೆ ಅಡ್ಡ ನಿಲ್ಲಲು ಬೇರೇನೂ ಇಲ್ಲ.

ಮರಳುವಾಗ

ಹಡಗಿನ ಪಟ್ಟಿಯನ್ನು ಹಿಂದಿನ ದಿನ ಮತ್ತೆ ಕೇಳಿ, ಯಾವ ಬದಿಯ ಜೆಟ್ಟಿ ಎಂದೂ ಕೇಳಿ. ಗಾಳಿ ತಿರುಗಿದರೆ ಮೂಡಿನ ಬದಲು ಪಡುವಿಗೆ ಹೋಗಬೇಕಾಗಬಹುದು. ಅದೇ ಹಡಗಿಗೆ ರೋಗಿಯೊಬ್ಬರಿಗೆ ಜಾಗ ಬೇಕಾಗಿ, ನಿಮ್ಮನ್ನು ಮುಂದಿನ ಹಡಗಿಗೆ ಉಳಿಯಬಹುದೇ ಎಂದು ಕೇಳಿದರೆ ಒಪ್ಪಿಕೊಳ್ಳುವಷ್ಟು ರಜೆ ಕೈಯಲ್ಲಿರಲಿ. ಕೊಚ್ಚಿಯ ರೈಲನ್ನು ಹಡಗು ಮುಟ್ಟುವ ಮರುದಿನಕ್ಕೆ ತೆಗೆಯಿರಿ.

ಹವಳದ ಚೂರು, ಚಿಪ್ಪು ಯಾವುದನ್ನೂ ತರಬೇಡಿ, ಹವಳ ವನ್ಯಜೀವಿ ಕಾಯ್ದೆಯಡಿ ಬರುತ್ತದೆ. ತರಬಹುದಾದದ್ದು ಬೇಕಾದಷ್ಟಿದೆ: ಸೂರೆಯನ್ನು ಬೇಯಿಸಿ, ಹೊಗೆ ಹಾಕಿ, ಬಿಸಿಲಿಗೆ ಒಣಗಿಸಿದ ಕಲ್ಲಿನಂಥ ಮಾಸ್ಮೀನ್, ತೆಂಗಿನ ಬೆಲ್ಲ, ತೆಂಗಿನ ಹಲ್ವ. ಮಾಸ್ಮೀನನ್ನು ಎರಡು ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ರೈಲಿನ ಡಬ್ಬಿಯೆಲ್ಲ ವಾಸನೆ. ನೀವು ಒಯ್ದ ಪ್ಲಾಸ್ಟಿಕ್ ಬಾಟಲಿ, ಡಯಪರ್, ಬ್ಯಾಟರಿ ನಿಮ್ಮ ಜೊತೆಯೇ ವಾಪಸು ಬರಬೇಕು. ಅಲ್ಲಿ ಕಸ ಹೂಳಲು ಜಾಗವಿಲ್ಲ.

ಊರು ಮುಟ್ಟಿದ ಮೇಲೆ ಆ ಮನೆಗೆ ಏನಾದರೂ ಕಳುಹಿಸುವ ಮನಸ್ಸಾದರೆ ದಕ್ಕೆಗೆ ಬನ್ನಿ. ಏಪ್ರಿಲ್ ಒಳಗೆ ಬನ್ನಿ, ಮೇ ಮಧ್ಯದ ನಂತರ ಮಂಜಿ ಇಲ್ಲ. ಗೋಣಿಯ ಮೇಲೆ ದ್ವೀಪದ ಹೆಸರು ದೊಡ್ಡದಾಗಿ, ಅದರ ಕೆಳಗೆ ಮನೆಹೆಸರು, ಫೋನ್ ನಂಬರು ಬರೆಯಿರಿ. ನೀರಿಗೆ ಅಳಿಸದ ಮಸಿಯಲ್ಲಿ ಬರೆಯಬೇಕು. ಸೌತೆಕಾಯಿಯಾದರೆ ತೊಟ್ಟು ಮುರಿಯದ್ದನ್ನೇ ಆರಿಸಿ, ತೊಟ್ಟಿದ್ದರೆ ಮಳೆಗಾಲ ಮುಗಿಯುವವರೆಗೂ ಬಾಳುತ್ತದೆ.